ಕೊಲ್ಲಿ ನೀರಿನ ಕರೆಂಟು: ಮೊದಲು ಬಕೆಟ್ ಹಿಡಿದು ಇಳಿಯಿರಿ

ನಮ್ಮ ತೋಟದ ಕೆಳಗೆ ಒಂದು ತಗಡಿನ ಗೂಡಿದೆ. ಅದರೊಳಗೆ ಕೊಲ್ಲಿಯ, ಅಂದರೆ ಬೆಟ್ಟದಿಂದ ಇಳಿಯುವ ತೊರೆಯ, ನೀರಿನಿಂದ ತಿರುಗಿ ಮನೆಗೆ ಕರೆಂಟು ಕೊಡುವ ಸಣ್ಣ ಟರ್ಬೈನ್ (ನೀರಿನ ಚಕ್ರ). ಮನೆಗೆ ಬಂದವರೆಲ್ಲ ಅದರ ಹತ್ತಿರ ನಿಂತು ಒಂದೇ ಮಾತು ಕೇಳುತ್ತಾರೆ. "ಅಕ್ಕ, ಇದನ್ನ ಎಲ್ಲಿಂದ ತರಿಸಿದ್ರಿ? ಎಷ್ಟಾಯ್ತು?" ನಾನು ತಿರುಗಿ ಕೇಳುತ್ತೇನೆ: "ನಿಮ್ಮ ಕೊಲ್ಲಿಯಲ್ಲಿ ಡಿಸೆಂಬರಿಗೆ ಎಷ್ಟು ನೀರಿರುತ್ತೆ?" ಯಾರಿಗೂ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ. ಅದಕ್ಕೇ ಮೊದಲ ಸಲ ದುಡ್ಡು ಹಾಳು ಮಾಡಿಕೊಂಡೆ. ನೀವು ಹಾಗೆ ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮಡಿಕೇರಿಯಿಂದ ಗಾಳಿಬೀಡು ದಾಟಿ ಒಳಗೆ. ಐದು ಎಕರೆ ಕಾಫಿ, ಮರಗಳಿಗೆ ಹಬ್ಬಿದ ಕರಿಮೆಣಸು, ಕೊಲ್ಲಿ ಬದಿಯಲ್ಲಿ ಒಂದಿಷ್ಟು ಏಲಕ್ಕಿ. ಜೂನಿನಲ್ಲಿ ಮಳೆ ಹಿಡಿಯಿತು ಅಂದರೆ ಯಾವುದಾದರೂ ಸಿಲ್ವರ್ ಓಕ್ ಮರ ಕರೆಂಟ್ ಲೈನಿನ ಮೇಲೆ ಮಲಗುತ್ತದೆ. ಮೂರು ದಿನ ಕರೆಂಟಿಲ್ಲ. ಒಂದು ವರ್ಷ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳು) ಹನ್ನೊಂದು ದಿನ ಇರಲಿಲ್ಲ. ಲೈನ್‌ಮನ್‌ಗಳನ್ನು ಬೈದು ಏನು ಬಂತು? ಆ ಗಾಳಿಯಲ್ಲಿ ಕಂಬ ಹತ್ತುವವರು ಅವರೇ. ಆದರೆ ಕತ್ತಲಲ್ಲಿ ಕೂತಾಗ ಕಿವಿಗೆ ಬೀಳುವುದು ಕೊಲ್ಲಿಯ ಬೊಬ್ಬೆಯೊಂದೇ. ಕರೆಂಟು ಇಲ್ಲದ ದಿನವೇ ನೀರು ಜಾಸ್ತಿ. ನಮ್ಮ ಮಾವ ಹೇಳುತ್ತಿದ್ದರು: "ನಮ್ಮ ಬೆಟ್ಟದಲ್ಲಿ ಹುಟ್ಟಿದ ಕಾವೇರಿ 1902ರಲ್ಲೇ ಶಿವನಸಮುದ್ರದಲ್ಲಿ ಕರೆಂಟಾಗಿ ಕೋಲಾರದ ಚಿನ್ನದ ಗಣಿಗೆ ಹೋಯ್ತು. ನಮ್ಮ ಮನೆಗೆ ಬಲ್ಬು ಬಂದದ್ದು ನಿನ್ನ ಗಂಡ ಹೈಸ್ಕೂಲಿಗೆ ಹೋಗುವಾಗ."

ಏನೇನು ಉರಿಯಬೇಕು, ಬರೆದಿಡಿ

ಯಂತ್ರ ನೋಡಲು ಹೋಗುವ ಮೊದಲು ಮನೆಯೊಳಗೆ ಒಂದು ಸುತ್ತು ಹಾಕಿ. ಪ್ರತಿಯೊಂದು ಸಾಮಾನಿನ ಹಿಂದೆ ಎಷ್ಟು ವ್ಯಾಟ್ ಅಂತ ಬರೆದಿರುತ್ತದೆ. ನಮ್ಮಲ್ಲಿ ಹನ್ನೆರಡು ಬಲ್ಬು. ಹಳೆಯ 60 ವ್ಯಾಟಿನವು ಇದ್ದಿದ್ದರೆ 720 ವ್ಯಾಟ್ ಬೇಕಿತ್ತು. ಈಗ 9 ವ್ಯಾಟಿನ ಎಲ್‌ಇಡಿ, ಎಲ್ಲ ಒಟ್ಟಿಗೆ ಹಾಕಿದರೂ 108. ಅಂದರೆ ಬಲ್ಬು ಬದಲಾಯಿಸಿದ್ದರಲ್ಲೇ ಒಂದು ಟರ್ಬೈನಿನಷ್ಟು ಕರೆಂಟು ಉಳಿಯಿತು. ಫ್ರಿಜ್, ಟಿವಿ, ಫೋನು, ವೈಫೈ ಎಲ್ಲ ಸೇರಿಸಿದರೂ ಒಂದು ಹೊತ್ತಿಗೆ 350 ವ್ಯಾಟ್ ದಾಟುವುದಿಲ್ಲ. ಫ್ಯಾನಿನ ಲೆಕ್ಕ ನಮ್ಮೂರಲ್ಲಿ ಬೇಡ, ದೇವರು ದೊಡ್ಡವನು.

ಕಷ್ಟ ಕೊಡುವುದು ಬಿಸಿ ಮಾಡುವ ಸಾಮಾನು. ಇಸ್ತ್ರಿ ಪೆಟ್ಟಿಗೆ 1000 ವ್ಯಾಟ್, ಗೀಸರ್ 2000. ಇವನ್ನು ಸಣ್ಣ ಕೊಲ್ಲಿಯಿಂದ ನೇರವಾಗಿ ನಡೆಸುವ ಆಸೆ ಬಿಡಿ. ಮಿಕ್ಸಿ 500 ವ್ಯಾಟಿನದು ಇದ್ದರೆ ಫ್ರಿಜ್ ಆರಿಸಿ ಐದು ನಿಮಿಷ ತಿರುಗಿಸಬಹುದು. ಅರೆಯುವ ಕಲ್ಲಿನಲ್ಲಿ ರುಬ್ಬಿದ ತೆಂಗಿನಕಾಯಿ ಮಸಾಲೆಯ ರುಚಿಯೇ ಬೇರೆ ಅಂತ ನಮ್ಮ ಅತ್ತೆ ಪ್ರತಿ ಸಲವೂ ನೆನಪು ಮಾಡುತ್ತಾರೆ. ಅವರು ರುಬ್ಬಿ ಎಷ್ಟು ವರ್ಷವಾಯಿತು ಅಂತ ನಾನು ಕೇಳುವುದಿಲ್ಲ.

ಬಕೆಟ್

ಇದಕ್ಕೆ ಬೇಕಾದದ್ದು ಪೇಂಟಿನ 20 ಲೀಟರ್ ಖಾಲಿ ಬಕೆಟ್ ಮತ್ತು ಫೋನಿನ ಗಡಿಯಾರ. ಕೊಲ್ಲಿ ಕಿರಿದಾಗುವ ಕಡೆ ಮರಳಿನ ಚೀಲ ಅಡ್ಡ ಇಟ್ಟು, ನೀರೆಲ್ಲ ಒಂದು ಪೈಪಿನ ತುಂಡಿನಲ್ಲಿ ಬೀಳುವ ಹಾಗೆ ಮಾಡಿ. ಕೆಳಗೆ ಬಕೆಟ್ ಹಿಡಿಯಿರಿ. ಐದು ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 4 ಲೀಟರ್. ಹತ್ತು ಸೆಕೆಂಡಾದರೆ 2 ಲೀಟರ್. ಮೂರು ಸಲ ಹಿಡಿದು ಸರಾಸರಿ ತೆಗೆಯಿರಿ. ಜಿಗಣೆಗೆ ಸುಣ್ಣವೋ ಉಪ್ಪೋ ಜೇಬಿನಲ್ಲಿರಲಿ.

ಇದನ್ನು ಮಳೆಗಾಲದಲ್ಲಿ ಒಂದು ದಿನ ಮಾಡಿ ಮುಗಿಸಬೇಡಿ. ನನ್ನ ತಪ್ಪು ಅದೇ. ಮೊದಲು ಬಂದ ಮಾರಾಟದವರು ಜುಲೈನಲ್ಲಿ ಬಂದರು. ಕೊಲ್ಲಿ ಉಕ್ಕುತ್ತಿತ್ತು. ನೀರು ನೋಡಿ "ಮೂರು ಕಿಲೋವ್ಯಾಟ್ ಆರಾಮಾಗಿ ಬರುತ್ತೆ ಮೇಡಂ" ಅಂದರು. ಅಂದರೆ 3000 ವ್ಯಾಟ್. ಬಕೆಟ್ ಹಿಡಿಯಲೇ ಇಲ್ಲ. ಆ ದೊಡ್ಡ ಯಂತ್ರ ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತ ಹಬ್ಬದ ತನಕ ತಿರುಗಿತು. ಆಮೇಲೆ ನೀರು ಸಾಲದೆ ಮುಲುಕತೊಡಗಿತು. ಭತ್ತದ ಸುಗ್ಗಿಯ ಹುತ್ತರಿ ಹಬ್ಬದ ಹೊತ್ತಿಗೆ ನಿಂತೇಹೋಯಿತು. ಅದನ್ನು ಗುಜರಿ ಬೆಲೆಗೆ ಕೊಟ್ಟೆ.

ಆಮೇಲೆ ಒಂದು ವರ್ಷ ಸುಮ್ನೆ ಅಳೆದೆ, ಅಷ್ಟೇ. ಪ್ರತಿ ತಿಂಗಳ ಮೊದಲ ಭಾನುವಾರ, ಕಾಫಿ ಕುಡಿದು ಬಕೆಟ್ ಹಿಡಿದು ಇಳಿಯುವುದು. ಕ್ಯಾಲೆಂಡರಿನ ಮೇಲೇ ಬರೆದಿಟ್ಟೆ. ಜೂನ್ ಕೊನೆಯಿಂದ ನವೆಂಬರ್ ತನಕ 4 ಲೀಟರಿಗಿಂತ ಕಡಿಮೆ ಇಲ್ಲ. ಡಿಸೆಂಬರಿಗೆ 2. ಫೆಬ್ರವರಿಯಲ್ಲಿ ಬಕೆಟಿನ ತಳ ನೆನೆದರೆ ಹೆಚ್ಚು. ನಿಮ್ಮ ಯಂತ್ರ ಎಷ್ಟು ದೊಡ್ಡದಿರಬೇಕು ಅಂತ ಹೇಳುವುದು ಈ ಕ್ಯಾಲೆಂಡರು. ಅಂಗಡಿಯವರಲ್ಲ.

ಎತ್ತರ ಅಳೆಯುವುದು

ಎಷ್ಟು ನೀರು ಅನ್ನುವಷ್ಟೇ ಮುಖ್ಯ ಅದು ಎಷ್ಟು ಎತ್ತರದಿಂದ ಬೀಳುತ್ತದೆ ಅನ್ನುವುದು. ಮೇಲಿನಿಂದ ಚಕ್ರಕ್ಕೆ ನೀರು ತರುವ ಪೈಪಿನ ಉದ್ದ ಬೇರೆ, ಎತ್ತರ ಬೇರೆ. ನನ್ನ ತಂಗಿಯ ಮಗ ಫೋನಿನಲ್ಲಿ ನೋಡಿ 51 ಮೀಟರ್ ಅಂದ. ನಂಬಲಿಲ್ಲ. ಗಾರೆ ಕೆಲಸದವರು ಮಟ್ಟ ನೋಡಲು ಇಟ್ಟುಕೊಳ್ಳುವ ಪಾರದರ್ಶಕ ಪೈಪ್ ಇದೆಯಲ್ಲ, ಅದರಲ್ಲಿ ನೀರು ತುಂಬಿಸಿ, ಒಂದು ತುದಿ ನಾನು, ಇನ್ನೊಂದು ತುದಿ ಮಾವ ಹಿಡಿದೆವು. ಕೆಳಗಿನಿಂದ ಶುರು. ನನ್ನ ಕಣ್ಣಿನ ಮಟ್ಟದ ನೀರು ಬೆಟ್ಟದಲ್ಲಿ ಎಲ್ಲಿ ಬರುತ್ತದೋ ಅಲ್ಲಿ ಮಾವ ಕತ್ತಿಯಿಂದ ಗುರುತು ಹಾಕುವುದು. ಆಮೇಲೆ ನಾನು ಆ ಗುರುತಿನ ಮೇಲೆ ನಿಲ್ಲುವುದು. ನಾನು ನೆಲದಿಂದ ಕಣ್ಣಿಗೆ ಒಂದೂವರೆ ಮೀಟರಿಗೆ ಸ್ವಲ್ಪ ಕಮ್ಮಿ. ಇಪ್ಪತ್ತೆರಡು ಸಲ ಹತ್ತಿ 32 ಮೀಟರ್ ಬಂತು. ನೀರು ತುಂಬಿದ ಹೋಸ್ ಪೈಪಿನ ಕೆಳತುದಿಗೆ ಪ್ರೆಶರ್ ಗೇಜ್ ಹಾಕಿಯೂ ನೋಡಬಹುದು. 10 ಮೀಟರ್ ಎತ್ತರಕ್ಕೆ ಗೇಜಿನಲ್ಲಿ 1 ಕೆ.ಜಿ. (ಚದರ ಸೆಂ.ಮೀ.ಗೆ) ಒತ್ತಡ ತೋರಿಸುತ್ತದೆ. ನಮ್ಮದರಲ್ಲಿ 3.2 ಬಂದಾಗ ಮಾವನಿಗೆ ಬಹಳ ಖುಷಿ.

ಈಗ ಲೆಕ್ಕ. ಲೀಟರ್ ಗುಣಿಸು ಮೀಟರ್ ಗುಣಿಸು 5. ಬಂದದ್ದು ವ್ಯಾಟ್. 4 × 32 × 5 = 640. ನಿಜವಾಗಿ ನೀರಿನಲ್ಲಿ ಇರುವ ಶಕ್ತಿಗೆ 9.8ರಿಂದ ಗುಣಿಸಬೇಕು. ಆದರೆ ಪೈಪಿನ ಉಜ್ಜಾಟ, ಚಕ್ರ, ಜನರೇಟರ್ ಎಲ್ಲ ಸೇರಿ ಅರ್ಧ ತಿಂದುಹಾಕುತ್ತವೆ. ಅದಕ್ಕೇ 5. ಸಣ್ಣ ಯಂತ್ರಕ್ಕೆ ಯಾರಾದರೂ 8ರಿಂದ ಗುಣಿಸಿ ತೋರಿಸಿದರೆ ಕಾಫಿ ಕೊಟ್ಟು ಕಳಿಸಿಬಿಡಿ.

640 ವ್ಯಾಟ್ ಅಂದರೆ ನೆಂಟರು ನಗುತ್ತಾರೆ. "ಒಂದು ಇಸ್ತ್ರಿ ಪೆಟ್ಟಿಗೆಗೂ ಸಾಲಲ್ಲ." ಸರಿ. ಆದರೆ ಇದು ರಾತ್ರಿ ಹಗಲು ನಿಲ್ಲುವುದಿಲ್ಲ. 600 ವ್ಯಾಟ್ ಅಂತಲೇ ಹಿಡಿದರೂ 24 ಗಂಟೆಗೆ 14 ಯೂನಿಟ್. ನಮ್ಮ ಮನೆಗೆ ದಿನಕ್ಕೆ ಬೇಕಾದದ್ದು 5.

ಪೈಪಿನಲ್ಲಿ ಜಿಪುಣತನ ಬೇಡ

ನನಗೆ ಎಲ್ಲ ಸೇರಿ ಒಂದೂವರೆ ಲಕ್ಷಕ್ಕೆ ಸ್ವಲ್ಪ ಮೇಲೆ ಬಿತ್ತು. ಅದರಲ್ಲಿ ಮೂರನೇ ಒಂದು ಪಾಲು ಪೈಪೇ. ಎಲ್ಲರೂ ಉಳಿಸಲು ನೋಡುವುದು ಇಲ್ಲೇ. ನಮ್ಮ ಪೈಪಿನ ಉದ್ದ 140 ಮೀಟರ್. 63 ಮಿ.ಮೀ. ಹಾಕಿದ್ದರೆ 4 ಲೀಟರ್ ನೀರು ಇಕ್ಕಟ್ಟಿನಲ್ಲಿ ಓಡಿ, 32 ಮೀಟರಿನಲ್ಲಿ ಸುಮಾರು 6 ಮೀಟರ್ ಎತ್ತರ ಉಜ್ಜಾಟಕ್ಕೇ ಹೋಗುತ್ತಿತ್ತು. 90 ಮಿ.ಮೀ. ಹಾಕಿದ್ದಕ್ಕೆ ಒಂದು ಮೀಟರ್ ಚಿಲ್ಲರೆ ಮಾತ್ರ ಹೋಗುತ್ತದೆ. 6 ಕೆ.ಜಿ. ಒತ್ತಡ ತಡೆಯುವ ಕಪ್ಪು ಪ್ಲಾಸ್ಟಿಕ್ (ಎಚ್‌ಡಿಪಿಇ) ಪೈಪು ಇಷ್ಟು ಎತ್ತರಕ್ಕೆ ಸಾಕು. ಕೆಳಗಿನ ವಾಲ್ವನ್ನು ಮಾತ್ರ ಯಾವತ್ತೂ ದಡಕ್ಕನೆ ಮುಚ್ಚಬೇಡಿ. ಓಡುವ ನೀರು ತಟ್ಟನೆ ನಿಂತರೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ಪೈಪಿಗೆ ಏಟು ಬೀಳುತ್ತದೆ. ಜಾಯಿಂಟ್ ಬಿಚ್ಚಿಕೊಳ್ಳುತ್ತದೆ.

ಪೈಪು ಮೇಲಿಂದ ಕೆಳಗೆ ಇಳಿಯುತ್ತಲೇ ಇರಬೇಕು. ನಡುವೆ ಒಂದು ಕಡೆ ದಿಬ್ಬ ಹತ್ತಿ ಇಳಿದರೆ ಅಲ್ಲಿ ಗಾಳಿ ಸಿಕ್ಕಿಕೊಂಡು ನೀರು ತಡೆಯುತ್ತದೆ. ಹಳಬರು ಅಡಿಕೆ ದಂಬೆಯಲ್ಲಿ (ಸೀಳಿ ಟೊಳ್ಳು ಮಾಡಿದ ಅಡಿಕೆ ಮರ) ಬೆಟ್ಟದ ನೀರನ್ನು ಮನೆ ಬಾಗಿಲಿಗೆ ತರುತ್ತಿದ್ದರಲ್ಲ, ಆ ಕಣ್ಣು ಇದಕ್ಕೂ ಬೇಕು.

ಇನ್ನೊಂದು ಮಾತು ನಮ್ಮ ಜಿಲ್ಲೆಯವರಿಗೆ. ಪೈಪಿಗೆ ಅಂತ ಜೆಸಿಬಿ ತಂದು ಇಳಿಜಾರನ್ನು ಕಡಿಯಬೇಡಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮಾದಾಪುರ ಕಡೆ ಗುಡ್ಡಗಳು ಹೇಗೆ ಜಾರಿದವು ಅಂತ ನಾವು ನೋಡಿದ್ದೇವೆ. ಇಳಿಜಾರಿನಲ್ಲಿ ಚರಂಡಿ ತೋಡಿದರೆ ಮಳೆನೀರು ಅದರಲ್ಲೇ ಇಳಿದು ಮಣ್ಣನ್ನು ಸಡಿಲ ಮಾಡುತ್ತದೆ. ಮೇಲೆ ಸಿಮೆಂಟಿನ ದೊಡ್ಡ ತೊಟ್ಟಿ ಕಟ್ಟಿ ಭಾರ ಹೇರುವುದೂ ಬೇಡ. ನಾನು ಪೈಪನ್ನು ನೆಲದ ಮೇಲೇ ಹಾಸಿ, ಬಂಡೆಗೆ ಕೊಕ್ಕೆ ಹೊಡೆದು ತಂತಿ ಕಟ್ಟಿಸಿದ್ದೇನೆ. ಆನೆ ದಾರಿ ದಾಟುವ ಹತ್ತು ಹೆಜ್ಜೆ ಜಾಗದಲ್ಲಿ ಮಾತ್ರ ಕೈಯಲ್ಲಿ ಅಗೆದು ಹುಗಿದದ್ದು. ಆದರೂ ಒಂದು ಸಲ ತುಳಿದಿದೆ. ಅದರ ದಾರಿ ಅದು, ನಾವೇ ಅಡ್ಡ ಬಂದದ್ದು.

ಮೇಲ್ಗಡೆ ನೀರು ಹಿಡಿಯಲು ಹಳೆಯ 500 ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಸಾಕಾಯಿತು. ಮರಳು ಅದರ ತಳದಲ್ಲಿ ಕೂರುತ್ತದೆ. ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಒಂದು ಗೇಣಿಗೂ ಕೆಳಗೆ, ತಳಕ್ಕಿಂತ ಮೇಲೆ ಇರಲಿ. ಮೇಲಕ್ಕಿದ್ದರೆ ಗಾಳಿ ಎಳೆಯುತ್ತದೆ, ಕೆಳಕ್ಕಿದ್ದರೆ ಮರಳು. ಟ್ಯಾಂಕಿಗೆ ನೀರು ಬೀಳುವ ಕಡೆ ಜಾಲರಿಯನ್ನು ಓರೆಯಾಗಿ ಇಡಿ. ಎಲೆ ತಾನೇ ಜಾರಿ ಹೋಗುತ್ತದೆ. ನೆಟ್ಟಗೆ ಇಟ್ಟರೆ ಸಿಲ್ವರ್ ಎಲೆ ಅರ್ಧ ಗಂಟೆಯಲ್ಲಿ ಚಾಪೆಯ ಹಾಗೆ ಮುಚ್ಚಿಬಿಡುತ್ತದೆ.

ಚಕ್ರ, ಮತ್ತು ಬಲ್ಬು ಸುಟ್ಟುಕೊಂಡ ಕಥೆ

ಎತ್ತರ ಜಾಸ್ತಿ, ನೀರು ಕಮ್ಮಿ ಇರುವ ನಮ್ಮಂಥ ಜಾಗಕ್ಕೆ ಪೆಲ್ಟನ್ ಚಕ್ರ. ಸುತ್ತಲೂ ಜೋಡಿ ಚಮಚದಂಥ ಬಟ್ಟಲು, ಅದಕ್ಕೆ ಪೈಪಿನ ತುದಿಯ ಕಿರಿದಾದ ಬಾಯಿಯಿಂದ, ಅಂದರೆ ನಾಜಲಿನಿಂದ, ನೀರು ಗುರಿಯಿಟ್ಟು ಹೊಡೆಯುತ್ತದೆ. 32 ಮೀಟರಿನಿಂದ ಬಂದ ನೀರು ಸೆಕೆಂಡಿಗೆ ಸುಮಾರು 24 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಚಕ್ರದ ಅಂಚು ಅದರ ಅರ್ಧ ವೇಗದಲ್ಲಿ ಓಡಿದರೆ ಕೆಲಸ ಚೆನ್ನಾಗಿ ಆಗುತ್ತದೆ. ಹಾಗಾಗಿ ನಮ್ಮ ಚಕ್ರ 15 ಸೆಂ.ಮೀ. ಅಗಲ, ನಿಮಿಷಕ್ಕೆ 1500 ಸುತ್ತು. ನಾಜಲ್ ಎರಡು ಇಟ್ಟುಕೊಂಡಿದ್ದೇನೆ. ಮಳೆಗಾಲಕ್ಕೆ 15 ಮಿ.ಮೀ. ತೂತಿನದು, ನೀರು 2 ಲೀಟರಿಗೆ ಇಳಿದಾಗ 10 ಮಿ.ಮೀ.ಯದು. ನೀರು ಕಮ್ಮಿಯಾದಾಗಲೂ ದೊಡ್ಡ ತೂತನ್ನೇ ಬಿಟ್ಟರೆ ಪೈಪು ಖಾಲಿಯಾಗಿ ಒತ್ತಡವೇ ಹೋಗುತ್ತದೆ. ಮೊದಲಿನ ಯಂತ್ರ ಮುಲುಕಿದ್ದು ಅದಕ್ಕೇ ಅಂತ ಆಮೇಲೆ ಗೊತ್ತಾಯಿತು. ನಿಮ್ಮಲ್ಲಿ ಎತ್ತರ ಕಮ್ಮಿ, ನೀರು ಜಾಸ್ತಿ ಇದ್ದರೆ ಪೆಲ್ಟನ್ ಬೇಡ. ಅದಕ್ಕೆ ಬೇರೆ ಬಗೆಯ ಚಕ್ರಗಳಿವೆ.

ಈಗ ನನ್ನ ಪೆದ್ದುತನ. ಮೊದಲ ವಾರ ಒಂದು ರಾತ್ರಿ ಮಲಗುವ ಮುಂಚೆ ಹೆಚ್ಚುಕಮ್ಮಿ ಎಲ್ಲ ಸ್ವಿಚ್ ಆರಿಸಿದೆ. ಉಳಿತಾಯ ಮಾಡುವುದು ಒಳ್ಳೆಯ ಅಭ್ಯಾಸ ಅಲ್ವಾ? ಕೆಳಗೆ ಚಕ್ರ ಕಿರುಚಿತು. ಉರಿಯುತ್ತಾ ಉಳಿದಿದ್ದ ಎರಡು ಬಲ್ಬು, ಫೋನ್ ಚಾರ್ಜರ್, ವೈಫೈ ಡಬ್ಬಿ, ಎಲ್ಲ ಒಂದೇ ಸಲಕ್ಕೆ ಹೋದವು. ಕಾರಣ ಇಷ್ಟೇ: ನೀರು ಬರುತ್ತಲೇ ಇರುತ್ತದೆ. ಕರೆಂಟು ಎಳೆಯುವವರು ಇಲ್ಲದಿದ್ದರೆ ಚಕ್ರ ಬಿಟ್ಟ ಎತ್ತಿನ ಹಾಗೆ ಓಡುತ್ತದೆ. ವೋಲ್ಟೇಜ್ ಏರುತ್ತದೆ.

ಇದಕ್ಕೆ ಲೋಡ್ ಕಂಟ್ರೋಲರ್ ಅಂತ ಒಂದು ಪೆಟ್ಟಿಗೆ ಬೇಕು. ಮನೆಗೆ ಬೇಡವಾದ ಕರೆಂಟನ್ನು ಅದು ಆ ಕ್ಷಣವೇ ಒಂದು ಹೀಟರಿಗೆ ತಿರುಗಿಸುತ್ತದೆ. ಚಕ್ರಕ್ಕೆ ಯಾವಾಗಲೂ ಒಂದೇ ಭಾರ. ಕೆಲವರು ಆ ಹೀಟರನ್ನು ಕೊಲ್ಲಿ ನೀರಿನಲ್ಲೇ ಮುಳುಗಿಸಿಡುತ್ತಾರೆ. ಹೊಟ್ಟೆ ಉರಿಯುತ್ತದೆ ನೋಡಿದರೆ. ನಮ್ಮದು ಬಚ್ಚಲಿನ ಮೇಲಿನ ಟ್ಯಾಂಕಿನಲ್ಲಿದೆ. ರಾತ್ರಿ ಹತ್ತು ಗಂಟೆ 300 ವ್ಯಾಟ್ ಹೋದರೆ 3 ಯೂನಿಟ್. ಅಷ್ಟರಲ್ಲಿ 100 ಲೀಟರ್ ನೀರು 25 ಡಿಗ್ರಿ ಬಿಸಿ ಏರುತ್ತದೆ. ಟ್ಯಾಂಕಿಗೆ ಗೋಣಿ, ಭತ್ತದ ಹುಲ್ಲು ಸುತ್ತಿದರೆ ಬೆಳಗ್ಗೆ ಎಲ್ಲರ ಸ್ನಾನಕ್ಕೆ ಆಗುತ್ತದೆ. ಆಟಿ ತಿಂಗಳಲ್ಲಿ ಹಸಿ ಸೌದೆ ಊದಿ ಊದಿ ಹಂಡೆ ಕಾಯಿಸಿದವರಿಗೆ ಇದರ ಬೆಲೆ ಗೊತ್ತು. ನಿಜ ಹೇಳಬೇಕೆಂದರೆ ಬೆಳಕಿಗಿಂತ ಈ ಬಿಸಿನೀರೇ ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು.

ತಂತಿಯ ವಿಷಯ ಚುಟುಕಾಗಿ. ಚಕ್ರದಿಂದ ಮನೆಗೆ 180 ಮೀಟರ್. 230 ವೋಲ್ಟಿನಲ್ಲಿ ಕಳಿಸಿದರೆ 2.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 7 ವೋಲ್ಟ್ ಕಮ್ಮಿಯಾಗುತ್ತದೆ, ಪರವಾಗಿಲ್ಲ. 24 ವೋಲ್ಟಿನಲ್ಲಿ ಕಳಿಸಲು ಹೋದರೆ ಮನೆ ತಲುಪುವ ಮೊದಲೇ ಎಲ್ಲ ತಂತಿಯಲ್ಲೇ ಕರಗಿಹೋಗುತ್ತದೆ. ಹಾಗೆಯೇ ಮೀಟರ್ ಬೋರ್ಡಿನ ಹತ್ತಿರ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಒಂದೋ ಲೈನಿನ ಕರೆಂಟು, ಇಲ್ಲವೋ ಕೊಲ್ಲಿಯದು. ಎರಡೂ ಸೇರಿದರೆ ನಿಮ್ಮ ಕರೆಂಟು ಹಿಂದಕ್ಕೆ ಲೈನಿಗೆ ಹೋಗಿ ಕಂಬದ ಮೇಲಿರುವ ಲೈನ್‌ಮನ್ ಸಾಯುತ್ತಾನೆ. ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಅರ್ಥಿಂಗೂ ಅವರೇ ಹಾಕಲಿ.

ಕೊಲ್ಲಿ ಒಣಗಿದ ಮೇಲೆ

ಜನವರಿಯಿಂದ ಮೇ ತನಕ ಬಿಸಿಲು. ಕೊಲ್ಲಿ ಮಲಗುವ ಹೊತ್ತಿಗೆ ಆಕಾಶ ತೆರೆಯುತ್ತದೆ. ಕಣದ ಬದಿಯ ಗೋದಾಮಿನ ಮೇಲೆ ಒಂದು ಕಿಲೋವ್ಯಾಟಿನ ಸೋಲಾರ್ ಪ್ಯಾನೆಲ್ ಹಾಕಿದ್ದೇನೆ. ಫೆಬ್ರವರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಜುಲೈನಲ್ಲಿ ಒಂದೊಂದು ದಿನ ಅರ್ಧ ಯೂನಿಟ್ಟೂ ಇಲ್ಲ. ಮಡಿಕೇರಿ ಇರುವುದು 12 ಡಿಗ್ರಿ ಅಕ್ಷಾಂಶದಲ್ಲಿ, ಹಾಗಾಗಿ ದಕ್ಷಿಣಕ್ಕೆ ಅಷ್ಟೇ ಓರೆ ಸಾಕು ಅನ್ನುತ್ತಾರೆ. ನಾನು ಇನ್ನಷ್ಟು ಓರೆ ಕೊಡಿಸಿದೆ. ಇಲ್ಲದಿದ್ದರೆ ಮಳೆಗಾಲದಲ್ಲಿ ಪ್ಯಾನೆಲಿನ ಕೆಳ ಅಂಚಿನಲ್ಲಿ ಪಾಚಿ ಬೆಳೆಯುತ್ತದೆ.

ಇಲ್ಲಿ ನಮ್ಮ ಕಡೆಯವರು ಎಡವುತ್ತಿರುವುದನ್ನು ನೋಡುತ್ತಿದ್ದೇನೆ. ಮನೆ ಚಾವಣಿಯ ಸೋಲಾರಿಗೆ ಅಂತ 2024ರ ಫೆಬ್ರವರಿಯಲ್ಲಿ ಶುರುವಾದ ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್ ತನಕ ಕಿಲೋವ್ಯಾಟಿಗೆ 30,000 ರೂಪಾಯಿ, 3 ಕಿಲೋವ್ಯಾಟಿಗೆ ಒಟ್ಟು 78,000 ರೂಪಾಯಿ ಸಹಾಯಧನ ಅಂತ ಘೋಷಿಸಿದರು. ಒಳ್ಳೆಯದೇ. ಆದರೆ ಲೈನಿಗೆ ಜೋಡಿಸುವ ಸಾಮಾನ್ಯ ಇನ್ವರ್ಟರ್ (ಪ್ಯಾನೆಲಿನ ಕರೆಂಟನ್ನು ಮನೆಗೆ ಬೇಕಾದ ಹಾಗೆ ಬದಲಿಸುವ ಪೆಟ್ಟಿಗೆ) ಲೈನಿನಲ್ಲಿ ಕರೆಂಟು ಹೋದ ತಕ್ಷಣ ತಾನೂ ನಿಲ್ಲುತ್ತದೆ. ಲೈನ್‌ಮನ್ ಸುರಕ್ಷತೆಗೆ ಅಂತಲೇ ಹಾಗೆ ಮಾಡಿರುತ್ತಾರೆ. ಪಕ್ಕದ ತೋಟದ ಅಣ್ಣ ಸುಡು ಬಿಸಿಲಿನಲ್ಲಿ ಪ್ಯಾನೆಲ್ ನೋಡುತ್ತಾ ಕರೆಂಟಿಲ್ಲದೆ ಕೂತಿದ್ದರು. "ಮೋಸ ಮಾಡಿದ್ರು" ಅಂದರು. ಮೋಸವಲ್ಲ, ಅವರು ಕೇಳಲಿಲ್ಲ. ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಬೇಕು ಅಂತ ಮೊದಲೇ ಹೇಳಿ ಬರೆಸಿಕೊಳ್ಳಿ.

ನೀರು ನಮ್ಮೊಬ್ಬರದ್ದಲ್ಲ

ಕೊಲ್ಲಿ ನಿಮ್ಮ ತೋಟದಲ್ಲಿ ಹರಿದ ಮಾತ್ರಕ್ಕೆ ನಿಮ್ಮದಾಗುವುದಿಲ್ಲ. ಪಂಚಾಯಿತಿಯಲ್ಲಿ ಕೇಳಿ. ಕಾಡಿನ ಗಡಿಯೊಳಗೆ ಟ್ಯಾಂಕು, ಪೈಪು ಬೇಡವೇ ಬೇಡ. ಚಕ್ರ ತಿರುಗಿಸಿದ ನೀರು ಎಲ್ಲೂ ಖರ್ಚಾಗುವುದಿಲ್ಲ, ಮತ್ತೆ ಕೊಲ್ಲಿಗೇ ಸೇರುತ್ತದೆ. ಆದರೆ ಮೇಲಿನ ಟ್ಯಾಂಕಿನಿಂದ ಕೆಳಗಿನ ಗೂಡಿನ ತನಕ ಕೊಲ್ಲಿ ಒಣಗಬಾರದು. ಅಲ್ಲಿ ಏಡಿ, ಕಪ್ಪೆ, ಮೀನು ಇವೆ. ಚೀಲದ ಕಟ್ಟದ ಕೆಳಗೆ ಒಂದು ಪೈಪಿನ ತುಂಡು ಯಾವಾಗಲೂ ತೆರೆದಿರುವ ಹಾಗೆ ಇಟ್ಟಿದ್ದೇನೆ. ಮೊದಲು ಅದರಲ್ಲಿ ನೀರು ಹೋಗಬೇಕು, ಮಿಕ್ಕಿದ್ದು ನನ್ನ ಟ್ಯಾಂಕಿಗೆ. ಕೆಳಗಿನ ಗದ್ದೆಯವರನ್ನು ಕರೆದು ತೋರಿಸಿದೆ. ಒಂದು ಊಟ ಹಾಕಿದೆ. ಆಮೇಲೆ ತಕರಾರಿಲ್ಲ.

ಮಿಕ್ಕ ಕರೆಂಟಿನಲ್ಲಿ ಲೈನ್ ಮನೆಯ (ತೋಟದ ಕೆಲಸಗಾರರ ಸಾಲು ಮನೆ) ನಾಲ್ಕು ಕೋಣೆಗೂ ಬೆಳಕು ಕೊಟ್ಟೆವು. ಅದು ನನ್ನ ಯೋಚನೆಯಲ್ಲ. ಕೀನ್ಯಾ ದೇಶದಲ್ಲಿ, ಕೀನ್ಯಾ ಪರ್ವತದ ತಪ್ಪಲಿನ ಕಥಾಂಬಾ ಅನ್ನುವ ಹಳ್ಳಿಯಲ್ಲಿ 1.1 ಕಿಲೋವ್ಯಾಟಿನ ಇಂಥದ್ದೇ ಯಂತ್ರದಿಂದ 65 ಮನೆಗೆ ಬೆಳಕು ಕೊಡುವ ವ್ಯವಸ್ಥೆ ಮಾಡಿದರು ಅಂತ ತಂಗಿಯ ಮಗ ಓದಿ ಹೇಳಿದ. 2001ರ ಸುಮಾರಿಗೆ. ಮನೆಗೆ ಒಂದೋ ಎರಡೋ ಬಲ್ಬಿನ ಲೆಕ್ಕ. ನೇಪಾಳದ ಬೆಟ್ಟಗಳಲ್ಲಿ ಪೆಲ್ಟನ್ ಚಕ್ರ ಮತ್ತು ಜನರೇಟರ್ ಒಂದೇ ಕಟ್ಟಿನಲ್ಲಿ ಕೂರಿಸಿ 'ಪೆಲ್ಟ್ರಿಕ್' ಅಂತ ಮಾಡಿದ್ದಾರೆ, ಹೊತ್ತುಕೊಂಡು ಬೆಟ್ಟ ಹತ್ತಬಹುದು. ನಮ್ಮದರ ಅರ್ಧದಷ್ಟು ದುಡ್ಡಿಲ್ಲದ ಊರುಗಳು ಇವು. ಕಥಾಂಬಾದ ಲೆಕ್ಕ ಕೇಳಿದ ಮೇಲೆ ನನ್ನ 600 ವ್ಯಾಟ್ ಒಂದೇ ಮನೆಗೆ ಅಂತ ಇಟ್ಟುಕೊಳ್ಳಲು ನಾಚಿಕೆಯಾಯಿತು. ಲೈನ್ ಮನೆಯ ಪ್ರತಿ ಕೋಣೆಗೂ ಎರಡು ಬಲ್ಬು, ಒಂದು ಚಾರ್ಜರು. ಅಲ್ಲಿ ಯಾರೂ ಹೀಟರ್ ಹಾಕದಿರಲಿ ಅಂತ ಸಣ್ಣ ಎಂಸಿಬಿ (ಕರೆಂಟು ಜಾಸ್ತಿ ಎಳೆದರೆ ತಾನೇ ಆರುವ ಸ್ವಿಚ್) ಇದೆ. ನನ್ನ ಮನೆಯಲ್ಲೂ ಇದೆ, ಯಾಕೆಂದರೆ ಒಮ್ಮೆ ಹೀಟರ್ ಹಾಕಿ ಎಲ್ಲರನ್ನೂ ಕತ್ತಲಿಗೆ ತಳ್ಳಿದ್ದು ನಮ್ಮ ಯಜಮಾನರು.

ಇನ್ನು ದಿನದ ಕೆಲಸ. ಮಳೆಗಾಲದಲ್ಲಿ ಬೆಳಗ್ಗೆ ಒಂದು ಸಲ, ಗಾಳಿ ಜೋರಿದ್ದರೆ ಸಂಜೆಯೂ ಒಂದು ಸಲ, ಮೇಲೆ ಹೋಗಿ ಜಾಲರಿ ಒರೆಸಬೇಕು. ವಾರಕ್ಕೊಮ್ಮೆ ಟ್ಯಾಂಕಿನ ಮರಳು ಬಿಡಬೇಕು. ಬೇರಿಂಗಿನಿಂದ ಗರಗರ ಶಬ್ದ ಶುರುವಾದರೆ ಆ ದಿನವೇ ಬದಲಾಯಿಸಿ, ಹಬ್ಬ ಮುಗಿಯಲಿ ಅಂತ ಕಾಯಬೇಡಿ. ಜನವರಿಯಲ್ಲಿ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ನಾಜಲ್ ಬಿಚ್ಚಿ, ಚಕ್ರ ಒರೆಸಿ, ಗ್ರೀಸ್ ಹಚ್ಚಿ ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕುತ್ತೇವೆ. ಬಕೆಟ್ ಮಾತ್ರ ಬಾಗಿಲ ಹಿಂದೆಯೇ ಇರುತ್ತದೆ. ಮೊದಲ ಭಾನುವಾರ ಬಂದರೆ, ನೀರು ಇರಲಿ ಇಲ್ಲದಿರಲಿ, ಮಾವ ಅದನ್ನು ಹಿಡಿದು ಇಳಿಯುತ್ತಾರೆ.